ಚಾವಿ ಕೊಡುವ ಕೈಗಡಿಯಾರ: ಆರಿಸುವುದರಿಂದ ಜೋಡಿಸುವವರೆಗೆ

ಬ್ಯಾಟರಿಯಿಲ್ಲದೆ ಓಡುವ ಕೈಗಡಿಯಾರಗಳನ್ನು ಹವ್ಯಾಸವಾಗಿ ಹಿಡಿಯಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿಯ ಗಡಿಯಾರ ಕೊಳ್ಳಬೇಕು ಎಂಬುದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ: ಡಯಲ್ಲಿನ ಕೆಳಗೆ ಇರುವ ಯಂತ್ರ ಯಾವುದು, ಅದರ ಬಿಡಿಭಾಗಗಳು ಸಿಗುತ್ತವೆಯೇ, ಅದನ್ನು ಬಿಚ್ಚಿ ಕಟ್ಟಬಲ್ಲವರು ನಮ್ಮ ಊರಿನಲ್ಲಿ ಇದ್ದಾರೆಯೇ? ಈ ಮೂರಕ್ಕೂ ಒಳ್ಳೆಯ ಉತ್ತರವಿರುವ ಒಂದೇ ಒಂದು ಯಂತ್ರವನ್ನು ಆರಿಸಿಕೊಂಡು ಅದನ್ನು ತಳದವರೆಗೆ ಕಲಿಯುವುದು, ಹತ್ತು ಬಗೆಯ ಗಡಿಯಾರಗಳನ್ನು ಕೊಂಡು ಪೆಟ್ಟಿಗೆಯಲ್ಲಿ ಇಡುವುದಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರ್ನಾಟಕದ ಓದುಗರಿಗೆ ಅಂಥ ಯಂತ್ರ ಕೈಗೆಟುಕುವ ದೂರದಲ್ಲೇ ಇದೆ. ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಕೈಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತಾದರೂ, ದಶಕಗಳ ಕಾಲ ತಯಾರಾದ ಜನತಾ, ಪೈಲಟ್, ಜವಾನ್ ಮುಂತಾದ ಗಡಿಯಾರಗಳು ಇಂದಿಗೂ ಮನೆಗಳ ಬೀರುಗಳಲ್ಲಿ ಇವೆ, ಹಳೆಯ ರಿಪೇರಿ ಅಂಗಡಿಗಳಲ್ಲಿ ಅವುಗಳ ಬಿಡಿಭಾಗಗಳು ಡಬ್ಬಿಗಟ್ಟಲೆ ಇವೆ. ಇವುಗಳಲ್ಲಿ ಬಹುಪಾಲಿನಲ್ಲಿ ಇರುವುದು 0231 ಎಂಬ ಸಂಖ್ಯೆಯ, 17 ಕಲ್ಲುಗಳ (ಚಕ್ರಗಳ ಅಚ್ಚುಗಳು ಸವೆಯದೆ ತಿರುಗಲೆಂದು ಕೂರಿಸಿದ ಗಟ್ಟಿ ಹರಳುಗಳು), ಕೈಯಿಂದ ಚಾವಿ ಕೊಡುವ ಯಂತ್ರ. ತಾರೀಖಿನ ತೊಡಕಿಲ್ಲ, ತಾನೇ ಚಾವಿ ತಿರುಗಿಸಿಕೊಳ್ಳುವ ರೋಟರ್ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಸರಳವಾದದ್ದು ಬೇಕಿಲ್ಲ.

ಮುಂದಿನ ಹಂತಗಳು ಅರ್ಥವಾಗಲು ಒಳಗಿನ ಕೆಲಸವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಕ್ರೌನ್, ಅಂದರೆ ಗಡಿಯಾರದ ಪಕ್ಕದಲ್ಲಿರುವ ಚಾವಿಯ ಗುಂಡಿ, ತಿರುಗಿಸಿದಾಗ ಬ್ಯಾರಲ್ ಎಂಬ ಹಲ್ಲುಳ್ಳ ಡಬ್ಬಿಯೊಳಗಿನ ಮೈನ್‌ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲ ಹಲ್ಲುಚಕ್ರಗಳ ಸಾಲಿನ ಮೂಲಕ ಎಸ್ಕೇಪ್ ಚಕ್ರದವರೆಗೆ ಹರಿಯುತ್ತದೆ. ಅಲ್ಲಿ ಪ್ಯಾಲೆಟ್ ಎಂಬ ಪುಟ್ಟ ಕವೆ ಆ ಚಕ್ರವನ್ನು ತಡೆದು, ಬಿಟ್ಟು, ಮತ್ತೆ ತಡೆದು, ಪ್ರತಿ ಬಾರಿಯೂ ಬ್ಯಾಲೆನ್ಸ್ ಚಕ್ರಕ್ಕೆ ಒಂದು ಸಣ್ಣ ನೂಕು ಕೊಡುತ್ತದೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಆ ಚಕ್ರವನ್ನು ಅತ್ತಿತ್ತ ತೂಗಿಸುತ್ತದೆ. 0231ರಲ್ಲಿ ಈ ಹೊಡೆತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ದಿನಕ್ಕೆ ಹತ್ತು ಸೆಕೆಂಡು ತಪ್ಪುವ ಗಡಿಯಾರವನ್ನು ನಾವು ಸುಲಭವಾಗಿ ದೂರುತ್ತೇವೆ. ಆದರೆ ದಿನದಲ್ಲಿ 86,400 ಸೆಕೆಂಡುಗಳಿರುವುದರಿಂದ ಅದು 8,640ರಲ್ಲಿ ಒಂದು ಪಾಲಿನ ತಪ್ಪು ಮಾತ್ರ. ಬರಿಯ ಉಕ್ಕು, ಹಿತ್ತಾಳೆ ಮತ್ತು ಒಂದು ಹನಿ ಎಣ್ಣೆಯಿಂದ ಇಷ್ಟು ನಿಖರತೆ ಬರುವುದೇ ಈ ಹವ್ಯಾಸದ ಆಕರ್ಷಣೆ.

ಆರಿಸುವುದು

ಎರಡು ಗಡಿಯಾರ ಕೊಳ್ಳಿ: ಚೆನ್ನಾಗಿ ಓಡುವ ಒಂದು, ಅದೇ ಯಂತ್ರದ ಕೆಟ್ಟು ನಿಂತಿರುವ ಮತ್ತೊಂದು. ಮೊದಲನೆಯದು ಕೈಗೆ ಕಟ್ಟಿಕೊಳ್ಳಲು, ಎರಡನೆಯದು ಬಿಚ್ಚಿ ಕಲಿಯಲು. ಎರಡನೆಯದನ್ನು ಪೂರ್ತಿ ಬಿಚ್ಚಿ ಮತ್ತೆ ಓಡಿಸುವವರೆಗೆ ಮೊದಲನೆಯದರ ಹಿಂಬದಿಯ ಮುಚ್ಚಳ ತೆಗೆಯಬಾರದು ಎಂಬ ನಿಯಮವನ್ನು ಹಾಕಿಕೊಂಡರೆ ಮುಂದಿನ ದುಃಖಗಳಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಮನೆಯಲ್ಲಿ ಅಜ್ಜನದೋ ಅಪ್ಪನದೋ ಗಡಿಯಾರ ಇದ್ದರೆ ಅದನ್ನು ಕಲಿಕೆಗೆ ಬಳಸಲೇಬೇಡಿ. ಅದನ್ನು ನುರಿತ ರಿಪೇರಿಯವರಿಂದ ಸರ್ವಿಸ್ ಮಾಡಿಸಿ ಇಟ್ಟುಕೊಳ್ಳಿ.

ಹಳೆಯ ಎಚ್‌ಎಂಟಿ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಬೆರಕೆ ಗಡಿಯಾರಗಳ ವಿಷಯದಲ್ಲಿ. ಆನ್‌ಲೈನಿನಲ್ಲಿ ಹೊಚ್ಚಹೊಸದರಂತೆ ಹೊಳೆಯುವ ಕಿತ್ತಳೆ, ಹಸಿರು, ನೀಲಿ ಡಯಲ್ಲಿನ ಪೈಲಟ್‌ಗಳು ಅಗ್ಗದ ಬೆಲೆಗೆ ಕಾಣಿಸಿಕೊಳ್ಳುತ್ತವೆ. ಕಾರ್ಖಾನೆಯಿಂದ ಹೊರಟ ರೂಪ ಇವುಗಳದ್ದಲ್ಲ; ಹಳೆಯ ಡಯಲ್ಲಿನ ಮೇಲೆ ಹೊಸದಾಗಿ ಬಣ್ಣ ಬಳಿದು, ಹೆಸರು ಅಚ್ಚು ಹಾಕಿ, ನಾಲ್ಕಾರು ಗಡಿಯಾರಗಳ ಅವಶೇಷಗಳನ್ನು ಸೇರಿಸಿ ಕಟ್ಟಿದವು. ಗುರುತಿಸುವುದು ಕಷ್ಟವಲ್ಲ. ಡಯಲ್ಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ: ಕಾರ್ಖಾನೆಯ ಅಚ್ಚಿನಲ್ಲಿ ಅಂಚುಗಳು ಚೂಪಾಗಿ, ಗೆರೆಗಳು ಒಂದೇ ದಪ್ಪದಲ್ಲಿ ಇರುತ್ತವೆ, ಮರುಬಣ್ಣದಲ್ಲಿ ಅಕ್ಷರದ ಅಂಚು ಹರಡಿಕೊಂಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಅಂಕಿಗಳಿಗೆ ನೇರವಾಗಿ ಕೂಡುವುದಿಲ್ಲ. ಮುಳ್ಳುಗಳ ಉದ್ದ ಗಮನಿಸಿ: ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟುವಂತಿರಬೇಕು, ಅದಕ್ಕಿಂತ ಬಹಳ ಗಿಡ್ಡವಾಗಿದ್ದರೆ ಅದು ಬೇರೆ ಗಡಿಯಾರದಿಂದ ಬಂದದ್ದು. ಮುಳ್ಳಿನ ಮೇಲಿನ ಹೊಳಪಿನ ಬಣ್ಣ ಕಂದಿದ್ದು ಡಯಲ್ಲಿನ ಮೇಲಿನದು ಹಾಲಿನಂತೆ ಬೆಳ್ಳಗಿದ್ದರೆ ಎರಡೂ ಒಂದೇ ವಯಸ್ಸಿನವಲ್ಲ.

ಯಂತ್ರದ ಚಿತ್ರ ಕಳಿಸಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ. ಚಿತ್ರ ಬಂದಾಗ ಸ್ಕ್ರೂಗಳ ತಲೆ ನೋಡಿ. ಸೀಳು ಕಿತ್ತುಹೋಗಿದ್ದರೆ ಒರಟು ಕೈ ಅಲ್ಲಿ ಓಡಾಡಿದೆ ಎಂದರ್ಥ. ಬ್ರಿಜ್‌ಗಳು (ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಲೋಹದ ತಟ್ಟೆಗಳು) ಒಂದೊಂದು ಒಂದೊಂದು ಛಾಯೆಯಲ್ಲಿದ್ದರೆ ಅವು ಬೇರೆಬೇರೆ ಯಂತ್ರಗಳಿಂದ ಬಂದಿರಬಹುದು. ಕ್ರೌನಿನ ದಂಡದ ಸುತ್ತ ಕೆಂಪು ತುಕ್ಕು ಕಂಡರೆ ನೀರು ಒಳಗೆ ಹೋಗಿದೆ. ಕಲಿಕೆಯ ಗಡಿಯಾರಕ್ಕೂ ಅಂಥದ್ದು ಬೇಡ, ಏಕೆಂದರೆ ತುಕ್ಕು ಹಿಡಿದ ಸ್ಕ್ರೂ ಮುರಿದುಕೊಂಡು ಒಳಗೇ ಉಳಿದರೆ ಹೊಸಬರಿಂದ ತೆಗೆಯಲಾಗದು. ಮರುಬಣ್ಣದ ಗಡಿಯಾರ ನಿಮಗೆ ಇಷ್ಟವಾದರೆ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅದು ಏನೆಂದು ತಿಳಿದು, ಅದಕ್ಕೆ ತಕ್ಕ ಬೆಲೆಗೆ ಕೊಳ್ಳಬೇಕು.

ಇನ್ನೊಂದು ಮಾತು ಆರೋಗ್ಯಕ್ಕೆ ಸಂಬಂಧಿಸಿದ್ದು. ಇಪ್ಪತ್ತನೆಯ ಶತಮಾನದ ಮೊದಲರ್ಧದ ವಿದೇಶಿ ಗಡಿಯಾರಗಳಲ್ಲಿ ಕತ್ತಲೆಯಲ್ಲಿ ಹೊಳೆಯುವ ಅಂಕಿಗಳಿಗೆ ರೇಡಿಯಂ ಬೆರೆತ ಬಣ್ಣವನ್ನು ಬಳಸುತ್ತಿದ್ದರು. ಹೊಳಪು ಸತ್ತಿದ್ದರೂ ವಿಕಿರಣ ಉಳಿದಿರುತ್ತದೆ. ಅಂಥ ಡಯಲ್ಲನ್ನು ಮನೆಯಲ್ಲಿ ತೆರೆಯುವುದಾಗಲಿ ಕೆರೆಯುವುದಾಗಲಿ ಕೂಡದು.

ದಿನದ ಆರೈಕೆ

ಚಾವಿಯನ್ನು ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ, ಗಡಿಯಾರವನ್ನು ಕೈಯಿಂದ ಬಿಚ್ಚಿ ಹಿಡಿದುಕೊಂಡು ಕೊಡಿ. ಕೈಯಲ್ಲಿ ಕಟ್ಟಿಕೊಂಡೇ ತಿರುಗಿಸಿದರೆ ಕ್ರೌನಿನ ದಂಡ ಓರೆಯಾಗಿ ಎಳೆದು ಸವೆಯುತ್ತದೆ. ಬೆರಳಿಗೆ ಸ್ಪಷ್ಟವಾದ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ತಡೆ ಸಿಗುವವರೆಗೆ ಕೊಡುವುದರಿಂದ ಏನೂ ಕೆಡುವುದಿಲ್ಲ, ಅದನ್ನು ಮೀರಿ ಒತ್ತಾಯಿಸಿದರೆ ಕೆಡುತ್ತದೆ. ಅರ್ಧ ಚಾವಿಯಲ್ಲಿ ಓಡುವ ಗಡಿಯಾರದ ಬ್ಯಾಲೆನ್ಸ್ ಚಕ್ರ ಕಡಿಮೆ ತೂಗುವುದರಿಂದ ಸಮಯವೂ ಏರುಪೇರಾಗುತ್ತದೆ.

ತಾರೀಖು ಇರುವ ಗಡಿಯಾರ ನಿಮ್ಮ ಬಳಿ ಇದ್ದರೆ, ಮುಳ್ಳುಗಳು ರಾತ್ರಿ 9ರಿಂದ ಬೆಳಗಿನ ಜಾವ 4ರ ನಡುವೆ ಇರುವಾಗ ಕ್ರೌನಿನಿಂದ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಮೊದಲು ಮುಳ್ಳನ್ನು 6ರ ಬಳಿಗೆ ತಂದು, ತಾರೀಖು ಬದಲಿಸಿ, ಆಮೇಲೆ ಸಮಯ ಹೊಂದಿಸಿ.

ನಮ್ಮ ಹವೆಯಲ್ಲಿ ಗಡಿಯಾರದ ದೊಡ್ಡ ಶತ್ರು ತೇವ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ, ಹಳೆಯ ಗಡಿಯಾರದ ಗಟ್ಟಿಯಾಗಿ ಒಡೆದುಹೋದ ರಬ್ಬರ್ ಸೀಲು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಹಿಂಬದಿಯಲ್ಲಿ ನೀರು ತಾಳುತ್ತದೆ ಎಂದು ಬರೆದಿದ್ದರೂ ಹಳೆಯ ಗಡಿಯಾರವನ್ನು ಕಟ್ಟಿಕೊಂಡು ಪಾತ್ರೆ ತೊಳೆಯುವುದೂ ಬೇಡ. ಕಟ್ಟದ ದಿನಗಳಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹರಳು ಬಣ್ಣ ಬದಲಿಸಿದಾಗ ಪೊಟ್ಟಣ ಬದಲಿಸಿ. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಅದು ಕಾಯುವ ವಿಷಯವಲ್ಲ: ಬಿಸಿಲಿಗೆ ಇಡದೆ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿಯದೆ, ಅಂದೇ ರಿಪೇರಿಯವರ ಬಳಿಗೆ ಒಯ್ದು ಬಿಚ್ಚಿಸಿ. ಉಕ್ಕಿನ ಭಾಗಗಳಿಗೆ ತುಕ್ಕು ಹತ್ತಲು ಕೆಲವೇ ದಿನ ಸಾಕು.

ನಿನ್ನೆಯವರೆಗೆ ಸರಿಯಾಗಿದ್ದ ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಕಾಂತತ್ವವನ್ನು ಮೊದಲು ಶಂಕಿಸಬೇಕು. ಸ್ಪೀಕರ್, ಟ್ಯಾಬ್ಲೆಟ್‌ನ ಅಯಸ್ಕಾಂತದ ಮುಚ್ಚಳ, ಕೈಚೀಲದ ಗುಂಡಿ ಇವುಗಳ ಹತ್ತಿರ ಬಂದಾಗ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಅದರ ಉದ್ದವೇ ಕಡಿಮೆಯಾದಂತೆ ವರ್ತಿಸುತ್ತದೆ. ದಿಕ್ಸೂಚಿಯನ್ನು ಗಡಿಯಾರದ ಪಕ್ಕಕ್ಕೆ ಹಿಡಿದಾಗ ಸೂಜಿ ಅಲುಗಿದರೆ ಶಂಕೆ ನಿಜ. ಕಾಂತತ್ವ ತೆಗೆಯುವ ಸಣ್ಣ ಸಲಕರಣೆಯಿಂದ ಕೆಲವು ಸೆಕೆಂಡುಗಳಲ್ಲಿ ಸರಿಯಾಗುತ್ತದೆ. ಪ್ಲಾಸ್ಟಿಕ್ ಗಾಜಿನ ಮೇಲಿನ ಗೀರುಗಳನ್ನು ಹೊಳಪು ಕೊಡುವ ಪೇಸ್ಟಿನಿಂದ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿ ತೆಗೆಯಬಹುದು. ಬೆಲ್ಟಿನ ಅಗಲ ಹಳೆಯ ಎಚ್‌ಎಂಟಿಗಳಲ್ಲಿ ಸಾಮಾನ್ಯವಾಗಿ 18 ಮಿ.ಮೀ., ಆದರೂ ಅಳೆದೇ ಕೊಳ್ಳಿ.

ಸರ್ವಿಸ್ ಯಾವಾಗ? ಎಣ್ಣೆ ಐದಾರು ವರ್ಷಗಳಲ್ಲಿ ಒಣಗುತ್ತದೆ ಅಥವಾ ಹರಿದುಹೋಗುತ್ತದೆ, ಮತ್ತು ಒಣಗಿದ ಮೇಲೂ ಗಡಿಯಾರ ಓಡುತ್ತಲೇ ಇರುತ್ತದೆ. ಅಷ್ಟರಲ್ಲಿ ಚಕ್ರಗಳ ಅಚ್ಚಿನ ತುದಿಗಳು ಸವೆಯುತ್ತಿರುತ್ತವೆ. ಹಾಗಾಗಿ ನಿಲ್ಲುವವರೆಗೆ ಕಾಯದೆ ಅಳತೆಯ ಮೇಲೆ ತೀರ್ಮಾನಿಸಬೇಕು. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಫೋನಿನ ಸಮಯಕ್ಕೆ ಹೋಲಿಸಿ ಎಷ್ಟು ಸೆಕೆಂಡು ಹಿಂದೆ ಅಥವಾ ಮುಂದೆ ಎಂದು ಬರೆದಿಡಿ. ಒಂದು ರಾತ್ರಿ ಡಯಲ್ ಮೇಲಾಗಿ, ಇನ್ನೊಂದು ರಾತ್ರಿ ಡಯಲ್ ಕೆಳಗಾಗಿ, ಮತ್ತೊಂದು ರಾತ್ರಿ ಕ್ರೌನ್ ಕೆಳಗಾಗಿ ಇಟ್ಟು ನೋಡಿ. ಎಲ್ಲ ಭಂಗಿಗಳಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪುವ ಗಡಿಯಾರಕ್ಕೆ ರೆಗ್ಯುಲೇಟರ್ (ಓಟದ ವೇಗವನ್ನು ಹೆಚ್ಚು ಕಡಿಮೆ ಮಾಡುವ, ಬ್ಯಾಲೆನ್ಸಿನ ಮೇಲಿರುವ ಪುಟ್ಟ ಸನ್ನೆ) ಹೊಂದಿಸಿದರೆ ಸಾಕು. ಭಂಗಿಯಿಂದ ಭಂಗಿಗೆ ತಪ್ಪು ಬಹಳ ಬದಲಾದರೆ ಸರ್ವಿಸ್ ಬೇಕು. ಹವ್ಯಾಸ ಬೆಳೆದಂತೆ ಟೈಮ್‌ಗ್ರಾಫರ್ ಕೊಳ್ಳುವುದು ಒಳ್ಳೆಯದು. ಗಡಿಯಾರದ ಸದ್ದನ್ನು ಕೇಳಿ ಅದು ದಿನದ ತಪ್ಪನ್ನೂ, ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತಿದೆ ಎಂಬುದನ್ನೂ ತೋರಿಸುತ್ತದೆ. ಪೂರ್ತಿ ಚಾವಿ ಕೊಟ್ಟು ಡಯಲ್ ಮೇಲಾಗಿ ಇಟ್ಟಾಗ 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯ. ಹಳೆಯ ಯಂತ್ರಕ್ಕೆ 250 ಕೂಡ ಸರಿಯೇ. 200ಕ್ಕಿಂತ ಕೆಳಗಿಳಿದರೆ ಎಣ್ಣೆ ಸತ್ತಿದೆ ಅಥವಾ ಎಲ್ಲೋ ತಡೆಯಿದೆ.

ಬಿಚ್ಚುವುದು, ತೊಳೆಯುವುದು, ಕಟ್ಟುವುದು

ಸಲಕರಣೆಗಳಲ್ಲಿ ಹಣ ಹಾಕಬೇಕಾದದ್ದು ಎರಡಕ್ಕೆ: ಒಳ್ಳೆಯ ಸ್ಕ್ರೂಡ್ರೈವರ್‌ಗಳು (0.8, 1.0, 1.2, 1.4, 1.6 ಮಿ.ಮೀ.) ಮತ್ತು ಚೂಪು ತುದಿಯ ಕಾಂತಗುಣವಿಲ್ಲದ ಒಂದು ಚಿಮುಟ. ಉಳಿದಂತೆ ಐಗ್ಲಾಸ್ (ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ), ಯಂತ್ರ ಹಿಡಿದಿಡುವ ಹಿಡಿಕೆ, ಮುಳ್ಳು ಎತ್ತುವ ಜೋಡಿ ಸನ್ನೆ, ರಬ್ಬರ್ ಗಾಳಿಬುರುಡೆ, ಬೆರಳಿನ ರಬ್ಬರ್ ಚೀಲ, ಮುಚ್ಚಳವುಳ್ಳ ಪುಟ್ಟ ಡಬ್ಬಿಗಳು ಬೇಕು. ಬಿಳಿ ಕಾಗದ ಹಾಸಿದ ಅಂಚುಳ್ಳ ತಟ್ಟೆಯ ಮೇಲೆ, ಫ್ಯಾನ್ ಆರಿಸಿ, ಹಗಲು ಬೆಳಕಿನಲ್ಲಿ ಕುಳಿತುಕೊಳ್ಳಿ. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಚಿತ್ರ ತೆಗೆಯಿರಿ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಮೈನ್‌ಸ್ಪ್ರಿಂಗ್‌ನ ಬಲವನ್ನು ಇಳಿಸುವುದು. ಕ್ರೌನನ್ನು ಬೆರಳುಗಳಲ್ಲಿ ಬಿಗಿಯಾಗಿ ಹಿಡಿದು, ಬ್ಯಾರಲ್ಲಿನ ಮೇಲಿನ ಚಕ್ರವನ್ನು ತಡೆದಿರುವ ಕ್ಲಿಕ್ ಎಂಬ ಕೊಂಡಿಯನ್ನು ಪಕ್ಕಕ್ಕೆ ಸರಿಸಿ, ಕ್ರೌನ್ ಬೆರಳ ನಡುವೆ ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡಿ. ಇದನ್ನು ಮಾಡದೆ ಪ್ಯಾಲೆಟ್ ತೆಗೆದರೆ ಚಕ್ರಗಳೆಲ್ಲ ಒಮ್ಮೆಲೇ ರಭಸದಿಂದ ಸುತ್ತಿ ಹಲ್ಲುಗಳೂ ಅಚ್ಚುಗಳೂ ಮುರಿಯುತ್ತವೆ. ಅನಂತರ ಕ್ರೌನಿನ ದಂಡವನ್ನು ಬಿಡಿಸಿ. ಅದನ್ನು ಹಿಡಿದಿರುವುದು ಸ್ಕ್ರೂ ಆಗಿದ್ದರೆ ಎರಡು ಮೂರು ಸುತ್ತು ಸಡಿಲಿಸಿದರೆ ಸಾಕು, ಪೂರ್ತಿ ತೆಗೆದರೆ ಅದರ ಕೆಳಗಿನ ಸನ್ನೆ ಡಯಲ್ಲಿನ ಕಡೆಗೆ ಬಿದ್ದುಹೋಗುತ್ತದೆ. ಯಂತ್ರವನ್ನು ಕೇಸಿನಿಂದ ಹೊರತೆಗೆದು, ಡಯಲ್ಲಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು ಮುಳ್ಳುಗಳನ್ನು ಎತ್ತಿ, ಬಳಿಕ ಡಯಲ್ ತೆಗೆಯಿರಿ.

ಯಂತ್ರ ಬಿಚ್ಚುವ ಕ್ರಮ ಹೀಗಿರಲಿ: ಮೊದಲು ಬ್ಯಾಲೆನ್ಸ್, ಆಮೇಲೆ ಪ್ಯಾಲೆಟ್, ಆಮೇಲೆ ಬ್ಯಾರಲ್ ಮೇಲಿನ ಚಕ್ರಗಳು, ಬ್ರಿಜ್‌ಗಳು, ಚಕ್ರಗಳ ಸಾಲು, ಬ್ಯಾರಲ್, ಕೊನೆಗೆ ಡಯಲ್ ಕಡೆಯ ಭಾಗಗಳು. ಕ್ರೌನ್ ಚಕ್ರದ ಸ್ಕ್ರೂ ಅನೇಕ ಯಂತ್ರಗಳಲ್ಲಿ ಎಡಮರೆಯದು, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಗಿಯೆನಿಸಿದಾಗ ಬಲ ಹೆಚ್ಚಿಸುವ ಮೊದಲು ದಿಕ್ಕನ್ನು ಮತ್ತೆ ನೋಡಿ. ಅದರ ತಲೆಯ ಮೇಲೆ ಮೂರು ಗೀಟುಗಳಿದ್ದರೆ ಅದೇ ಗುರುತು.

ತೊಳೆಯುವಾಗ ಒಂದು ವಿಷಯವನ್ನು ಮರೆಯಬಾರದು. ಪ್ಯಾಲೆಟ್ಟಿನ ಕಲ್ಲುಗಳನ್ನೂ ಬ್ಯಾಲೆನ್ಸಿನ ಕೆಳಗಿನ ಕಲ್ಲನ್ನೂ ಅರಗಿನಿಂದ ಅಂಟಿಸಿರುತ್ತಾರೆ. ಸ್ಪಿರಿಟ್ಟಾಗಲಿ ಐಸೊಪ್ರೊಪೈಲ್ ಆಲ್ಕೊಹಾಲಾಗಲಿ ಅರಗನ್ನು ಕರಗಿಸುತ್ತದೆ. ಆ ಎರಡು ಭಾಗಗಳನ್ನು ಲೈಟರ್‌ಗೆ ತುಂಬುವ ನಾಫ್ತಾದಲ್ಲಿ ಮಾತ್ರ ತೊಳೆಯಿರಿ, ಕಿಟಕಿ ತೆರೆದು, ಬೆಂಕಿಯಿಂದ ದೂರ ಕುಳಿತು. ಉಳಿದ ಭಾಗಗಳನ್ನೂ ಮೆತ್ತನೆಯ ಕುಂಚದಿಂದ ನಾಫ್ತಾದಲ್ಲೇ ತೊಳೆಯಬಹುದು. ಕಲ್ಲುಗಳ ರಂಧ್ರಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ತಿರುಗಿಸಿ ಶುಚಿಗೊಳಿಸಿ, ಕಡ್ಡಿ ಬೆಳ್ಳಗೆ ಹೊರಬರುವವರೆಗೆ.

ಮರಳಿ ಕಟ್ಟುವಾಗ ಎರಡು ಪರೀಕ್ಷೆಗಳು ಇಡೀ ಕೆಲಸದ ಗುಣವನ್ನು ಹೇಳುತ್ತವೆ. ಬ್ಯಾರಲ್, ಚಕ್ರಗಳ ಸಾಲು ಮತ್ತು ಬ್ರಿಜ್ ಕೂರಿಸಿ, ಪ್ಯಾಲೆಟ್ ಇನ್ನೂ ಹಾಕದೆ ಇರುವಾಗ ಒಂದೆರಡು ಕ್ಲಿಕ್‌ನಷ್ಟು ಮಾತ್ರ ಚಾವಿ ಕೊಡಿ: ಚಕ್ರಗಳು ಸದ್ದಿಲ್ಲದೆ ಸುತ್ತಿ, ನಿಲ್ಲುವ ಮುನ್ನ ತುಸು ಹಿಂದಕ್ಕೆ ತಿರುಗಬೇಕು. ತಟ್ಟನೆ ನಿಂತರೆ ಎಲ್ಲೋ ಕಸವಿದೆ ಅಥವಾ ಅಚ್ಚು ಬಾಗಿದೆ. ಅಲ್ಲಿಂದ ಮುಂದೆ ಹೋಗಬೇಡಿ. ಬ್ರಿಜ್‌ನ ಸ್ಕ್ರೂ ಬಿಗಿಯುವ ಮೊದಲು ಪ್ರತಿ ಚಕ್ರವೂ ತನ್ನ ಕಲ್ಲಿನಲ್ಲಿ ಕೂತು ಅಲುಗಾಡುತ್ತಿದೆಯೇ ಎಂದು ಮುಟ್ಟಿ ನೋಡಲೇಬೇಕು. ಎರಡನೆಯ ಪರೀಕ್ಷೆ ಪ್ಯಾಲೆಟ್ ಹಾಕಿ ಸ್ವಲ್ಪ ಚಾವಿ ಕೊಟ್ಟ ಮೇಲೆ: ಕವೆಯನ್ನು ಮೆಲ್ಲಗೆ ಮುಟ್ಟಿದರೆ ಅದು ತಾನಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ಚಟ್ಟನೆ ಹಾರಬೇಕು. ಇವೆರಡೂ ಸರಿಯಾದರೆ ಬ್ಯಾಲೆನ್ಸ್ ಇಟ್ಟೊಡನೆ ಅದು ಜೀವ ತಳೆಯುತ್ತದೆ. ಕೆಟ್ಟು ನಿಂತಿದ್ದ ಗಡಿಯಾರ ಕಣ್ಣೆದುರಿಗೆ ಮೊದಲ ಬಾರಿ ಮಿಡಿಯುವ ಆ ಕ್ಷಣದ ಸಂತೋಷಕ್ಕಾಗಿಯೇ ಅನೇಕರು ಈ ಹವ್ಯಾಸದಲ್ಲಿ ಉಳಿದುಕೊಂಡಿದ್ದಾರೆ.

ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಗುಣ. ಕಲ್ಲಿನ ರಂಧ್ರದ ಸುತ್ತಲಿನ ಬಟ್ಟಲಿನಂಥ ತಗ್ಗು ಅರ್ಧದಿಂದ ಮುಕ್ಕಾಲು ತುಂಬಿದರೆ ಸಾಕು, ತುಂಬಿ ಹರಿದರೆ ಎಣ್ಣೆ ನಿಲ್ಲುವುದೇ ಇಲ್ಲ. ವೇಗದ ಚಕ್ರಗಳಿಗೂ ಬ್ಯಾಲೆನ್ಸಿಗೂ ಮೋಬಿಯಸ್ ಕಂಪನಿಯ 9010ರಂಥ ತೆಳು ಎಣ್ಣೆ, ಬ್ಯಾರಲ್ ಮತ್ತು ನಡುಚಕ್ರದಂಥ ನಿಧಾನದ ಭಾಗಗಳಿಗೆ ಡಿ5ರಂಥ ಮಂದ ಎಣ್ಣೆ, ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415. ಪ್ಯಾಲೆಟ್ಟಿನ ಅಚ್ಚಿನ ತುದಿಗಳಿಗೂ ಚಕ್ರಗಳ ಹಲ್ಲುಗಳಿಗೂ ಎಣ್ಣೆ ಹಾಕಬಾರದು. ಅಡುಗೆಮನೆಯ ಅಥವಾ ಹೊಲಿಗೆ ಯಂತ್ರದ ಎಣ್ಣೆ ಖಂಡಿತ ಬೇಡ.

ಹೊಸ ಗಡಿಯಾರ ಜೋಡಿಸುವುದು

ಸ್ವಂತ ವಿನ್ಯಾಸದ ಗಡಿಯಾರ ಕಟ್ಟುವ ಆಸೆಯಿರುವವರಿಗೆ ಜಪಾನಿನ ಸೀಕೊ ಸಮೂಹದ ಎನ್‌ಎಚ್ 35 ಎಂಬ ತಯಾರು ಯಂತ್ರ ಸೂಕ್ತ, ಏಕೆಂದರೆ ಅದಕ್ಕೆ ಹೊಂದುವ ಕೇಸು, ಡಯಲ್, ಮುಳ್ಳುಗಳು ಧಾರಾಳವಾಗಿ ಸಿಗುತ್ತವೆ. ಇದು 24 ಕಲ್ಲುಗಳ, ಗಂಟೆಗೆ 21,600 ಹೊಡೆತದ, ಕೈ ಅಲುಗಾಟದಿಂದಲೂ ಕ್ರೌನಿನಿಂದಲೂ ಚಾವಿ ಪಡೆಯುವ, ತುಂಬಿದ ಚಾವಿಗೆ ಸುಮಾರು 41 ಗಂಟೆ ಓಡುವ ಯಂತ್ರ. ಕೊಳ್ಳುವ ಮುನ್ನ ನಾಲ್ಕು ಅಳತೆಗಳು ಕೂಡಬೇಕು: ಡಯಲ್ಲಿನ ವ್ಯಾಸ ಸಾಮಾನ್ಯವಾಗಿ 28.5 ಮಿ.ಮೀ.; ಮುಳ್ಳುಗಳ ರಂಧ್ರ ಗಂಟೆಯದಕ್ಕೆ 1.5, ನಿಮಿಷದ್ದಕ್ಕೆ 0.9, ಸೆಕೆಂಡಿನದಕ್ಕೆ 0.2 ಮಿ.ಮೀ.; ಕೇಸಿನ ಕ್ರೌನ್ 3ರ ಬಳಿ ಇದೆಯೋ 4ರ ಬಳಿಯೋ; ಅದಕ್ಕೆ ಹೊಂದುವಂತೆ ಡಯಲ್ಲಿನ ಹಿಂದಿನ ಕಾಲುಗಳ ಸ್ಥಾನ.

ಡಯಲ್ ಕೂರಿಸಿದ ಮೇಲೆ ಕ್ರೌನ್ ಎಳೆದು ಸಮಯವನ್ನು ಮುಂದಕ್ಕೆ ತಿರುಗಿಸುತ್ತ, ತಾರೀಖು ಬದಲಾದ ಕ್ಷಣದಲ್ಲಿ ನಿಲ್ಲಿಸಿ. ಅದೇ ನಡುರಾತ್ರಿ, ಗಂಟೆಯ ಮುಳ್ಳನ್ನೂ ನಿಮಿಷದ ಮುಳ್ಳನ್ನೂ ಆಗಲೇ ಸರಿಯಾಗಿ 12ಕ್ಕೆ ಒತ್ತಿ. ಸೆಕೆಂಡಿನ ಮುಳ್ಳು ಎಲ್ಲಕ್ಕಿಂತ ಕಷ್ಟ: ರಂಧ್ರ ಕಣ್ಣಿಗೆ ಕಾಣುವುದೇ ಅರೆಬರೆ, ಓರೆಯಾಗಿ ಒತ್ತಿದರೆ ಕೊಳವೆ ಬಾಗುತ್ತದೆ. ಐಗ್ಲಾಸ್ ಹಾಕಿಕೊಂಡು, ಮುಳ್ಳು ಅಚ್ಚಿನ ಮೇಲೆ ತಾನಾಗಿ ನಿಂತ ಮೇಲೆಯೇ ಒತ್ತುವ ಸಾಧನ ಬಳಸಿ. ಅನಂತರ 24 ಗಂಟೆಯ ಪೂರ್ತಿ ಸುತ್ತು ತಿರುಗಿಸಿ, ಪಕ್ಕದಿಂದ ನೋಡುತ್ತ, ಮುಳ್ಳುಗಳು ಒಂದನ್ನೊಂದು ಎಲ್ಲಿಯೂ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಯಂತ್ರವನ್ನು ಕೇಸಿಗೆ ಇಳಿಸುವ ಮುನ್ನ ಗಾಜಿನ ಒಳಮುಖವನ್ನು ಗಾಳಿಬುರುಡೆಯಿಂದ ಊದಿ. ಕ್ರೌನಿನ ದಂಡ ಉದ್ದವಾಗಿಯೇ ಬರುತ್ತದೆ. ಕೇಸಿಗೂ ಕ್ರೌನಿಗೂ ನಡುವಿನ ಸಂದನ್ನು ಅಳೆದು, ಅದಕ್ಕಿಂತ ಸ್ವಲ್ಪ ಕಡಿಮೆಯೇ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜುತ್ತ ಮತ್ತೆ ಮತ್ತೆ ಹಾಕಿ ನೋಡಿ. ಗಿಡ್ಡವಾದ ದಂಡವನ್ನು ಉದ್ದ ಮಾಡಲಾಗದು, ಆದ್ದರಿಂದ ಒಂದೆರಡು ದಂಡಗಳನ್ನು ಹೆಚ್ಚಾಗಿಯೇ ತರಿಸಿಟ್ಟುಕೊಳ್ಳಿ. ಮುಚ್ಚಳದ ರಬ್ಬರ್ ಸೀಲಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಮುಚ್ಚಿ.

ಡಯಲ್ಲಿನ ಮೇಲೆ ಯಾವ ಹೆಸರು ಹಾಕಬೇಕೆಂಬುದರಲ್ಲಿ ರಾಜಿ ಬೇಡ: ಬೇರೆ ಕಂಪನಿಯ ಹೆಸರು ಹೊತ್ತ ಡಯಲ್ಲನ್ನು ಬಳಸಿ ಕಟ್ಟಿದ ಗಡಿಯಾರ ನಕಲಿ ಗಡಿಯಾರವೇ, ಅದರ ಒಳಗಿನ ಯಂತ್ರ ಎಷ್ಟೇ ಒಳ್ಳೆಯದಿರಲಿ. ಖಾಲಿ ಡಯಲ್ ಬಳಸಿ, ಅಥವಾ ನಿಮ್ಮದೇ ಗುರುತು ಹಾಕಿಸಿ. ಮುಂದೆ ಯಾರಿಗಾದರೂ ಕೊಡುವಾಗ ಅಥವಾ ಮಾರುವಾಗ, ಯಾವ ಯಂತ್ರ, ಯಾವ ಭಾಗ ಎಲ್ಲಿಂದ ಬಂತು, ಯಾವಾಗ ಎಣ್ಣೆ ಹಾಕಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನೀರಿನ ಪರೀಕ್ಷೆಯನ್ನು ಒತ್ತಡ ಯಂತ್ರವಿರುವ ಅಂಗಡಿಯಲ್ಲಿ ಮಾಡಿಸುವವರೆಗೆ ನೀವು ಕಟ್ಟಿದ ಗಡಿಯಾರವನ್ನು ನೀರು ತಾಳದ ಗಡಿಯಾರವೆಂದೇ ಭಾವಿಸಿ, ಮೊದಲ ಒಂದು ವಾರ ದಿನವೂ ಅದರ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೆಗ್ಯುಲೇಟರನ್ನು ಮುಟ್ಟುವುದು ಆ ವಾರ ಮುಗಿದ ಮೇಲೆಯೇ.